ಟ್ರ್ಯಾಕ್ಟರಿನ ಕೆಳಗಿನ ಕಾಣಿಕೆ ರಾಶಿ

ಒಪ್ಪಂದ ಇಷ್ಟೇ. ಬಿತ್ತನೆಯ ದಿನ ಬರುವವರೆಗೆ ಟ್ರ್ಯಾಕ್ಟರಿನ ಒಂದು ತಂತಿಯೂ ಇಲಿಯ ಹಲ್ಲಿಗೆ ಸಿಗಬಾರದು. ಹಾಗೆ ಕಾಪಾಡಿದರೆ ಶೆಡ್ಡಿನ ಅಟ್ಟ ಹೊನ್ನಿ ಎಂಬ ಬೆಕ್ಕಿಗೂ ಅವಳ ಮರಿಗಳಿಗೂ ಖಾಯಂ. ತಪ್ಪಿದರೆ ಮಳೆ ಹಿಡಿಯುವ ಮೊದಲೇ ಜಾಗ ಖಾಲಿ ಮಾಡಬೇಕು. ಹಾಲಿನ ಮಾತಿಲ್ಲ, ಮೀನಿನ ಮಾತಿಲ್ಲ, ಹೊಟ್ಟೆಪಾಡು ಅವಳದೇ. ಕೊಡುವುದು ಸೂರು ಮಾತ್ರ.

ಚಿಣ್ಣರೇ, ಇದೇನು ಮಹಾ ವ್ಯವಹಾರ ಅಂತ ನಿಮಗೆ ಅನ್ನಿಸಬಹುದು. ಕಣ್ಣು ಬಿಡದ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಹುಡುಕುವ ತಾಯಿಗೆ ಇದಕ್ಕಿಂತ ದೊಡ್ಡ ವ್ಯವಹಾರ ಜಗತ್ತಿನಲ್ಲಿ ಇನ್ನೊಂದಿಲ್ಲ.

ಕುರುಚಲು ಕಾಡು ಮುಗಿದು ಹೊಲ ಶುರುವಾಗುವ ಕಡೆ ಒಂದು ಹೊಂಡವಿತ್ತು. ಹೊಂಡದ ದಂಡೆಯ ಜಾಲಿ ಪೊದೆಯಲ್ಲೇ ಹೊನ್ನಿ ಮರಿ ಹಾಕಿದ್ದು. ಒಂದು ಸಂಜೆ ಅವಳು ಮಿಡತೆ ಹಿಡಿಯಲು ಹೋಗಿ ಬರುವಷ್ಟರಲ್ಲಿ ನರಿ ಬಂದು ಒಂದು ಮರಿಯನ್ನು ಹೊತ್ತುಕೊಂಡು ಹೋಗಿತ್ತು. ಹೊನ್ನಿ ಅಳುತ್ತ ಕೂರಲಿಲ್ಲ. ಉಳಿದವನ್ನು ಒಂದೊಂದಾಗಿ ಕಚ್ಚಿಕೊಂಡು ಹೊಲದಾಚೆಯ ತಗಡಿನ ಶೆಡ್ಡಿಗೆ ಸಾಗಿಸಿದಳು. ಕೊನೆಯ ಮರಿಯನ್ನು ತರುವಾಗ ಬಾಗಿಲಲ್ಲಿ ಭೈರ ಎದ್ದು ನಿಂತಿದ್ದ.

ಭೈರ ಆ ಮನೆಯ ನಾಯಿ. ಮನೆ, ಹೊಲ, ಶೆಡ್ಡು, ಶೆಡ್ಡಿನೊಳಗಿನ ಕೆಂಪು ಟ್ರ್ಯಾಕ್ಟರು ಎಲ್ಲ ಸಾವಂತ್ರಮ್ಮನವು. ಅವಳು ಮನೆಯೊಳಗೆ ಏನು ತೀರ್ಮಾನ ಮಾಡಿದರೂ ಹೊರಗಿನ ಪ್ರಾಣಿಗಳಿಗೆ ಅದು ತಲುಪುತ್ತಿದ್ದದ್ದು ಭೈರನ ಬಾಯಿಂದಲೇ. ಹಿಂದಿನ ವರ್ಷ ಬೇಸಿಗೆಯಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಬಾನೆಟ್ಟಿನ ಕೆಳಗೆ ಇಲಿಗಳು ಗೂಡು ಕಟ್ಟಿ ತಂತಿ ಕಡಿದಿದ್ದವು. ಬಿತ್ತುವ ದಿನ ಕೀಲಿ ತಿರುಗಿಸಿದರೆ ಗಾಡಿ ಉಸಿರೇ ಎತ್ತಲಿಲ್ಲ. ಮೆಕ್ಯಾನಿಕ್ಕು ಬಂದು ಸರಿಮಾಡುವ ಹೊತ್ತಿಗೆ ನೆಲದ ಹದ ಆರಿಹೋಗಿ, ಅರ್ಧ ಹೊಲ ಬಿತ್ತದೆ ಹಾಗೇ ಬಿದ್ದಿತ್ತು. ಆ ವರ್ಷ ಸಾವಂತ್ರಮ್ಮನ ತಟ್ಟೆ ಬಡವಾಯಿತು. ಅವಳ ತಟ್ಟೆ ಬಡವಾದರೆ ಭೈರನದೂ ಬಡವಾಗಲೇಬೇಕಲ್ಲ.

ಹಾಗಾಗಿ ಬೆಕ್ಕನ್ನು ಕಂಡ ಭೈರ ಬೊಗಳಲಿಲ್ಲ. ಬೆಕ್ಕಿನ ಬಾಯಲ್ಲಿದ್ದ ಮರಿಯನ್ನು ನೋಡಿದ, ಅವಳ ಉಗುರು ನೋಡಿದ, ಮನಸ್ಸಿನಲ್ಲೇ ತೂಗಿ ಮೇಲಿನ ಕರಾರು ಮುಂದಿಟ್ಟ. ಹೊನ್ನಿಗೆ ಮರಿಯನ್ನು ಕೆಳಗಿಟ್ಟು ಒಪ್ಪಿಗೆ ಹೇಳಲೂ ಧೈರ್ಯ ಬರಲಿಲ್ಲ. ಬಾಯಿ ತುಂಬಿದ್ದರಿಂದ ಬಾಲವನ್ನೊಮ್ಮೆ ಎತ್ತಿ ಇಳಿಸಿದಳು. ಅಲ್ಲಿಗೆ ಮಾತು ಮುಗಿಯಿತು.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಶೆಡ್ಡಿನಲ್ಲಿ ಆಗ ಹೆಚ್ಚು ಇಲಿಗಳಿರಲಿಲ್ಲ. ಇದ್ದ ಒಂದು ಹೆಗ್ಗಣ ಮಾತ್ರ ಇಡೀ ಆವರಣಕ್ಕೆ ಕಂಟಕವಾಗಿತ್ತು. ಅದು ಕೆಂಪಕ್ಕ ಎಂಬ ಕೋಳಿಯ ಮೊಟ್ಟೆ ಉರುಳಿಸುತ್ತಿತ್ತು, ಗೆರೆಯಪ್ಪ ಎಂಬ ಅಳಿಲಿನ ಪೊಟರೆಗೆ ನುಗ್ಗಿ ಕಡಲೆಕಾಯಿ ಕದಿಯುತ್ತಿತ್ತು, ಮುದ್ದವ್ವ ಎಂಬ ಮೇಕೆಯ ಹೊಟ್ಟಿನ ಬುಟ್ಟಿಯಲ್ಲಿ ಹೊರಳಾಡಿ ಗಲೀಜು ಮಾಡುತ್ತಿತ್ತು. ಹೊನ್ನಿ ಅದನ್ನು ಹೊಂಚಿ ಹಿಡಿದು ಶೆಡ್ಡಿನ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಳು.

ನೆರೆಹೊರೆಯವರೆಲ್ಲ ನೋಡಲು ಬಂದರು. ಬರಿಗೈಯಲ್ಲಿ ಬರುವುದು ಸರಿಯಲ್ಲ ಎಂದು ಕೆಂಪಕ್ಕ ತನ್ನ ಪಾಲಿನ ಸಜ್ಜೆ ಕಾಳು ತಂದಳು. ಗೆರೆಯಪ್ಪ ಕಡಲೆಕಾಯಿ ತಂದ, ಅದೂ ಒಳ್ಳೆ ಗಟ್ಟಿ ಬೀಜದ್ದೇ ಆರಿಸಿ. ಮುದ್ದವ್ವ ಬಾಯಿತುಂಬ ಹುರುಳಿ ಹೊಟ್ಟು ತಂದು ಸುರಿದಳು.

"ನಿಮ್ಮ ಮರಿಗಳ ಹೆಸರಿನಲ್ಲಿ ಇದನ್ನು ಇಟ್ಟುಕೊಳ್ಳಿ ಹೊನ್ನಕ್ಕಾ," ಎಂದಳು ಕೆಂಪಕ್ಕ. "ಇಷ್ಟು ವರ್ಷದಲ್ಲಿ ಈ ಶೆಡ್ಡಿಗೆ ನಿಮ್ಮಂಥವರು ಬಂದಿದ್ದೇ ಇಲ್ಲ."

ಈಗ ನೋಡಿ, ಬೆಕ್ಕು ಸಜ್ಜೆ ತಿನ್ನುವುದಿಲ್ಲ. ಕಡಲೆಕಾಯಿಯನ್ನು ಮೂಸಿಯೂ ನೋಡುವುದಿಲ್ಲ. ಹುರುಳಿ ಹೊಟ್ಟು ಅದಕ್ಕೆ ಯಾವ ಜನ್ಮಕ್ಕೂ ಬೇಡ. ಬೇಡದ ಸರಕನ್ನು ಬಾಗಿಲಲ್ಲೇ ವಾಪಸು ಕಳಿಸುವುದು ಯಾವ ಅಂಗಡಿಯವನಿಗೂ ಗೊತ್ತಿರುವ ವಿಷಯ. ಆದರೆ ಹೊನ್ನಿ ಅಲ್ಲಿಯವರೆಗೆ ಪೊದೆಯಲ್ಲಿ ಬೆಳೆದವಳು. ಯಾರೂ ಅವಳನ್ನು 'ಅಕ್ಕಾ' ಅಂದಿರಲಿಲ್ಲ. ಯಾರೂ ಅವಳಿಗಾಗಿ ಒಂದು ಕಾಳನ್ನೂ ತಂದಿರಲಿಲ್ಲ. ಕೊಟ್ಟದ್ದನ್ನು ಬೇಡ ಅಂದರೆ ಅವರ ಮನಸ್ಸು ನೋಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಆ ರಾಶಿಯನ್ನು ನೋಡಿದಾಗ ಅವಳ ಎದೆ ಉಬ್ಬುತ್ತಿತ್ತು.

ಕಾಣಿಕೆಯನ್ನೆಲ್ಲ ಅವಳು ಟ್ರ್ಯಾಕ್ಟರಿನ ಕೆಳಗೆ, ದೊಡ್ಡ ಚಕ್ರಗಳ ನಡುವೆ ಕೂಡಿಟ್ಟಳು. ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಣುವ ಜಾಗ ಅದೇ.

ಸ್ವಲ್ಪ ದಿನಕ್ಕೆ ಶೆಡ್ಡಿನಲ್ಲಿ ಇನ್ನೊಂದು ಇಲಿ ಕಾಣಿಸಿಕೊಂಡಿತು. ಹೊನ್ನಿ ಹಿಡಿದಳು. ಸುದ್ದಿ ಹರಡಿತು, ಮತ್ತೆ ಕಾಣಿಕೆ ಬಂತು. ಆಮೇಲೆ ಒಂದರ ಹಿಂದೆ ಒಂದು ಇಲಿಗಳು ಬರತೊಡಗಿದವು. ಹೊನ್ನಿ ಹಿಡಿಯುತ್ತಲೇ ಇದ್ದಳು. ಹಿಡಿದಷ್ಟೂ ಹೆಸರು, ಹೆಸರು ಬಂದಷ್ಟೂ ಕಾಣಿಕೆ. ಗುಬ್ಬಚ್ಚಿಗಳು ಕೂಡ ನವಣೆ ತೆನೆಯ ತುಂಡು ಕಚ್ಚಿ ತಂದವು. ಅಟ್ಟದ ಮೇಲಿಂದ ಮರಿಗಳು ಇಣುಕಿ ನೋಡಿದರೆ ಕೆಳಗೆ ಅಮ್ಮನ ಸುತ್ತ ಯಾವಾಗಲೂ ಜನ.

"ನಮ್ಮ ಹೊನ್ನಕ್ಕ ಬರುವ ಮೊದಲು ಇಷ್ಟು ಇಲಿಗಳಿದ್ದವು ಅಂತ ನಮಗೆ ಗೊತ್ತೇ ಇರಲಿಲ್ಲ," ಎಂದು ಗೆರೆಯಪ್ಪ ಒಮ್ಮೆ ಮೆಚ್ಚುಗೆಯಿಂದ ಹೇಳಿದ. ಹೇಳಿದ್ದು ಏನು ಎಂದು ಅವನೂ ಯೋಚಿಸಲಿಲ್ಲ, ಕೇಳಿದವರೂ ಯೋಚಿಸಲಿಲ್ಲ. ಹೊನ್ನಿ ಮೀಸೆ ಸವರಿಕೊಂಡಳು.

ಭೈರ ಮಾತ್ರ ಹೊಗಳಲು ಬರುತ್ತಿರಲಿಲ್ಲ. ಅವನು ಆಗಾಗ ಬಂದು ಟ್ರ್ಯಾಕ್ಟರನ್ನು ಒಂದು ಸುತ್ತು ಮೂಸಿ ಹೋಗುತ್ತಿದ್ದ. ಒಂದು ಮಧ್ಯಾಹ್ನ ಹಾಗೆ ಮೂಸುತ್ತ ಮುಂದಿನ ಚಕ್ರದ ಹತ್ತಿರ ನಿಂತ. ನೆಲದ ಮೇಲೆ ಕರಿ ರಬ್ಬರಿನ ಸಣ್ಣ ಸಣ್ಣ ಚೂರುಗಳು ಬಿದ್ದಿದ್ದವು. ತಲೆಯೆತ್ತಿ ನೋಡಿದರೆ ಮುಂದಿನ ದೀಪಕ್ಕೆ ಹೋಗುವ ತಂತಿಯ ಮೇಲ್ಸಿಪ್ಪೆ ಕೆರೆದು ಹೋಗಿ ಒಳಗಿನ ತಾಮ್ರ ಮಿನುಗುತ್ತಿತ್ತು.

ಅವನು ಹೊನ್ನಿಯನ್ನು ಕರೆದು ತೋರಿಸಿದ. ದನಿ ಎತ್ತರಿಸಲಿಲ್ಲ.

"ತುಂಡಾಗಿಲ್ಲ ಭೈರಣ್ಣಾ," ಎಂದಳು ಹೊನ್ನಿ.

"ತುಂಡಾಗಬಾರದು ಅಂತ ನಾನು ಹೇಳಿದ್ದಲ್ಲ. ಹಲ್ಲಿಗೆ ಸಿಗಬಾರದು ಅಂತ ಹೇಳಿದ್ದು."

"ನಾನು ದಿನವೂ ಹಿಡಿಯುತ್ತಿದ್ದೇನೆ. ಬೇಕಾದರೆ ಯಾರನ್ನಾದರೂ ಕೇಳು."

"ನೀನು ಎಷ್ಟು ಹಿಡಿದೆ ಅಂತ ನಾನು ಯಾವತ್ತಾದರೂ ಕೇಳಿದ್ದೀನಾ? ನನಗೆ ಬೇಕಾದ್ದು ತಂತಿ."

ಭೈರ ಅಟ್ಟದ ಕಡೆ ನೋಡಿದ. ಒಂದು ಮರಿ ಹಲಗೆಯ ಅಂಚಿನಲ್ಲಿ ತೂರಾಡುತ್ತ ನಿಂತು ಇವರನ್ನೇ ನೋಡುತ್ತಿತ್ತು. ಕರಾರಿನ ಪ್ರಕಾರ ಹೊನ್ನಿ ಆ ಹೊತ್ತೇ ಇಳಿಯಬೇಕಿತ್ತು. ಮರಿಗಳಿಗೆ ಇನ್ನೂ ನೆಟ್ಟಗೆ ನಡೆಯಲು ಬಾರದು, ಆದ್ದರಿಂದ ಬಿತ್ತನೆಯ ಬೆಳಗಿನವರೆಗೆ ಇರಲಿ ಎಂದ. ಅವತ್ತು ಗಾಡಿ ಎದ್ದರೆ ಕೂತು ಮಾತಾಡುವುದು, ಏಳದಿದ್ದರೆ ಮಾತೂ ಇಲ್ಲ. ಇಷ್ಟು ಹೇಳಿ ಅವನು ಬಾಲ ತಗ್ಗಿಸಿ ಹೊರಟುಹೋದ.

ಆಕಾಶದಲ್ಲಿ ಆಗಲೇ ಮೋಡ ಕಟ್ಟಲು ಶುರುವಾಗಿತ್ತು. ಹೊಂಡದ ದಂಡೆಯ ಆ ಜಾಲಿ ಪೊದೆ ಮಳೆಗಾಲದಲ್ಲಿ ಮೊಳಕಾಲು ನೀರಿನಲ್ಲಿ ನಿಲ್ಲುತ್ತದೆ. ನರಿಗಳಂತೂ ಅಲ್ಲೇ ಇದ್ದವು.

ಹೆದರಿದವರು ಮಾಡುವ ಕೆಲಸವನ್ನೇ ಹೊನ್ನಿಯೂ ಮಾಡಿದಳು. ಮಾಡುತ್ತಿದ್ದುದನ್ನೇ ಇನ್ನೂ ಜೋರಾಗಿ ಮಾಡಿದಳು. ಹಗಲು ಮಲಗುವುದನ್ನು ಬಿಟ್ಟು ಬೇಟೆಯಾಡಿದಳು. ಮರಿಗಳಿಗೆ ಹಾಲೂಡಿಸುತ್ತಿರುವಾಗಲೂ ಒಂದು ಕಿವಿ ಕೆಳಗೇ ಇರುತ್ತಿತ್ತು. ಬಾಗಿಲಲ್ಲಿ ಇಲಿಗಳ ಸಾಲು ಉದ್ದವಾಯಿತು. ಕೆಂಪಕ್ಕ ಆವರಣವಿಡೀ ಕೂಗಿ ಸಾರಿದಳು. ಪಕ್ಕದ ಹೊಲದ ಕೋಳಿಗಳೂ ಕಾಳು ತಂದವು. ರಾಶಿ ಚಕ್ರದ ಅಚ್ಚಿನವರೆಗೆ ಏರಿತು.

ಇಲಿಗಳು ಮಾತ್ರ ಕಡಿಮೆಯಾಗಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ, ಬಿಸಿಲು ತಗಡಿನ ಸಂದಿಯಿಂದ ಇಳಿಯುವ ಹೊತ್ತಿಗೆ, ಹೊನ್ನಿ ಸಣಕಲು ಹೆಣ್ಣಿಲಿಯೊಂದನ್ನು ಪಂಜದಡಿ ಒತ್ತಿ ಹಿಡಿದಳು. ಇಲಿಯ ಬಾಯಲ್ಲಿ ಒಂದು ಕಡಲೆಬೀಜವಿತ್ತು. ಸಾಯುವ ಗಳಿಗೆಯಲ್ಲೂ ಅದು ಬೀಜವನ್ನು ಬಿಡಲಿಲ್ಲ. ಇದು ಹೊನ್ನಿಗೆ ವಿಚಿತ್ರವೆನಿಸಿ ಉಗುರನ್ನು ಸ್ವಲ್ಪ ಸಡಿಲ ಮಾಡಿದಳು.

"ಅದನ್ನು ಉಗುಳಿ ಓಡಬಹುದಿತ್ತಲ್ಲ. ಬಾಯಿ ತೆರೆದು ಉಸಿರೆಳೆದುಕೊಂಡಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ."

ಇಲಿ ಬೀಜವನ್ನು ನೆಲದ ಮೇಲೆ ಮೆಲ್ಲಗೆ ಇಟ್ಟಿತು. ಅದರ ಹೆಸರು ಸಣ್ಣಿ. "ಹಾಲು ಬತ್ತಿದೆ ಅಕ್ಕಾ. ನಾನು ಇದನ್ನು ತಿಂದರೆ ಮಕ್ಕಳಿಗೆ ಸಂಜೆಯವರೆಗೆ ಹಾಲು ಆಗುತ್ತದೆ. ಅದಕ್ಕೆ ಬಿಡಲಿಲ್ಲ."

ಹಾಲು ಬತ್ತುವುದು ಅಂದರೇನು ಎಂದು ಹೊನ್ನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರು ಹೊತ್ತೂ ಬೇಟೆಯಾಡಿ ಅವಳಿಗೂ ಹಾಲು ಕಡಿಮೆಯಾಗಿತ್ತು. ಆದರೂ ಕೆಲಸ ಕೆಲಸವೇ. ಅವಳು ಪಂಜ ಎತ್ತಲಿಲ್ಲ.

"ಹೊಲ ತುಂಬ ಬಿಲಗಳಿವೆ. ನಿಮ್ಮವರೆಲ್ಲ ಈ ಶೆಡ್ಡಿಗೇ ಯಾಕೆ ಬಂದು ಸಾಯುತ್ತೀರಿ? ಇಲ್ಲಿ ಬೆಕ್ಕಿದೆ ಅಂತ ಗೊತ್ತಿಲ್ಲವಾ?"

ಸಣ್ಣಿ ಅವಳನ್ನೇ ನೋಡಿತು. ತಮಾಷೆ ಮಾಡುತ್ತಿದ್ದಾಳೋ ಏನೋ ಎಂದು ಅದಕ್ಕೆ ಅನುಮಾನ.

"ಗೊತ್ತು. ಆದರೆ ಬೇಸಿಗೆ ಅಕ್ಕಾ, ಹೊಲದಲ್ಲಿ ಒಂದು ಕಾಳಿಲ್ಲ. ಇಲ್ಲಿಯ ಕಡಲೆಕಾಯಿ ವಾಸನೆ ಗಾಳಿ ಬೀಸಿದರೆ ಕಾಡಿನಂಚಿನವರೆಗೂ ಬರುತ್ತದೆ. ಇಲ್ಲೊಂದು ಅನ್ನಛತ್ರ ನಡೆಯುತ್ತಿದೆ ಅಂತ ನಮ್ಮಲ್ಲೆಲ್ಲ ಹೆಸರಾಗಿದೆ. ಕಾಯುವವಳು ಬೆಕ್ಕು, ಹಿಡಿದರೆ ಹಿಡಿದಳು, ಆದರೆ ಊಟಕ್ಕೆ ಮೋಸವಿಲ್ಲ ಅನ್ನುತ್ತಾರೆ. ಹಸಿದು ಸಾಯುವುದಕ್ಕಿಂತ ಅದೇ ಮೇಲು ಅಂತ ಬಂದೆವು. ಗೂಡಿಗೆ ಹೊಟ್ಟೂ ಇಲ್ಲೇ ಸಿಕ್ಕಿತು."

ಹೊನ್ನಿ ತಿರುಗಿ ರಾಶಿಯ ಕಡೆ ನೋಡಿದಳು. ಸಜ್ಜೆ, ನವಣೆ, ಕಡಲೆಕಾಯಿ, ಹುರುಳಿ ಹೊಟ್ಟು. ಒಂದೂ ಬೆಕ್ಕಿನ ಊಟವಲ್ಲ. ಎಲ್ಲವೂ ಇಲಿಯ ಊಟ, ಮತ್ತು ಇಲಿಯ ಹಾಸಿಗೆ. ಇಷ್ಟು ದಿನ ಅವಳು ಅದನ್ನು ತನ್ನ ಹೆಸರಿನ ರಾಶಿ ಅಂದುಕೊಂಡಿದ್ದಳು. ಒಂದು ಇಲಿ ಹಿಡಿದು ಹತ್ತು ಇಲಿಗೆ ಆಗುವಷ್ಟು ಕಾಳು ಕೂಡಿಡುತ್ತಿದ್ದಳು. ಇಂಥ ವ್ಯಾಪಾರ ಮಾಡಿ ಯಾರೂ ಉದ್ಧಾರವಾದದ್ದಿಲ್ಲ.

"ನಿನ್ನ ಗೂಡು ಎಲ್ಲಿದೆ?" ಎಂದು ಕೇಳಿದಳು.

ಸಣ್ಣಿಯ ಕಣ್ಣು ತಾನಾಗಿಯೇ ಟ್ರ್ಯಾಕ್ಟರಿನ ಬಾನೆಟ್ಟಿನ ಕಡೆ ಹೋಯಿತು. ತಾಯಂದಿರ ಕಣ್ಣು ಹಾಗೆಯೇ, ಮುಚ್ಚಿಡಬೇಕಾದ ಕಡೆಗೇ ಓಡುತ್ತದೆ.

ಹೊನ್ನಿ ಇಲಿಯನ್ನು ಬಾಯಲ್ಲಿ ಮೆತ್ತಗೆ ಕಚ್ಚಿಕೊಂಡೇ ಮೇಲೆ ಹಾರಿ, ಬಾನೆಟ್ಟಿನ ಪಕ್ಕದ ಸಂದಿಯಲ್ಲಿ ತಲೆ ತೂರಿಸಿದಳು. ಬ್ಯಾಟರಿಯ ಪಕ್ಕದಲ್ಲಿ ಹುರುಳಿ ಹೊಟ್ಟು, ಗೋಣಿ ನಾರು, ಕೆಂಪಕ್ಕನ ಪುಕ್ಕ ಎಲ್ಲ ಸೇರಿಸಿ ಹೆಣೆದ ಒಂದು ಗೂಡು. ಅದರೊಳಗೆ ಗುಲಾಬಿ ಬಣ್ಣದ, ಕಣ್ಣು ಬಿಡದ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರಾಡುತ್ತಿದ್ದವು. ಗೂಡಿಗೆ ಒತ್ತಿಕೊಂಡೇ ಒಂದು ದಪ್ಪ ತಂತಿ ಹಾದುಹೋಗಿತ್ತು. ಅದಕ್ಕೆ ಇನ್ನೂ ಹಲ್ಲು ತಾಗಿರಲಿಲ್ಲ.

ಗಾಡಿ ಏಳುವುದು ಬಿಡುವುದು ಆ ತಂತಿಯ ಮೇಲೇ ಇತ್ತು. ಇಂದಲ್ಲ ನಾಳೆ ಈ ಮರಿಗಳಿಗೆ ಹಲ್ಲು ಬರುತ್ತದೆ. ಬಂದ ಹಲ್ಲಿಗೆ ಮೊದಲು ಸಿಗುವುದು ಇದೇ.

ಹೊನ್ನಿಯ ಬಾಯಲ್ಲಿ ನೀರೂರಿತು ಎಂದು ಹೇಳದಿದ್ದರೆ ಅದು ಸುಳ್ಳು ಕತೆಯಾದೀತು. ಬೆಕ್ಕು ಬೆಕ್ಕೇ. ಒಂದೇ ತುತ್ತಿನ ಕೆಲಸ, ಗೂಡೂ ಖಾಲಿ, ಹೊಟ್ಟೆಯೂ ತುಂಬುತ್ತದೆ. ಆದರೆ ಅವಳು ಈಗ ಲೆಕ್ಕ ಹಾಕಲು ಕಲಿತಿದ್ದಳು. ಈ ಗೂಡು ಖಾಲಿಯಾದರೆ ನಾಳೆ ಇನ್ನೊಂದು ತಾಯಿ ಬರುತ್ತಾಳೆ. ಛತ್ರದ ಹೆಸರು ಹೊಲವೆಲ್ಲ ಹರಡಿದೆ. ಹರಡಿದ ಹೆಸರನ್ನು ಬೆಕ್ಕು ಹೋಗಿ ಅಳಿಸಲಾಗುವುದಿಲ್ಲ, ಇಲಿಗಳು ಬೆಕ್ಕಿನ ಮಾತು ಕೇಳುವುದಿಲ್ಲ. ಇಲಿಗಳು ಕೇಳುವುದು ಇಲಿಯ ಮಾತನ್ನು.

ಅವಳು ಸಣ್ಣಿಯನ್ನು ಗೂಡಿನ ಅಂಚಿನಲ್ಲಿ ಇಳಿಸಿದಳು.

"ನಿನ್ನ ಮಕ್ಕಳ ಜೀವ ನಿನಗೆ ಬಿಡುತ್ತೇನೆ. ಬದಲಿಗೆ ನೀನು ಒಂದು ಕೆಲಸ ಮಾಡಬೇಕು. ಛತ್ರ ಮುಚ್ಚಿತು ಅಂತ ಕಾಡಿನಂಚಿನವರೆಗೂ ಹೇಳಬೇಕು."

"ಹೇಳಿದರೆ ನಂಬುತ್ತಾರಾ? ರಾಶಿ ಕಾಣುತ್ತಲೇ ಇರುತ್ತದಲ್ಲ."

"ಕಾಣುವುದಿಲ್ಲ. ಅದು ನನ್ನ ಜವಾಬ್ದಾರಿ."

ಪ್ರಾಣ ಬೆಕ್ಕಿನ ಕೈಯಲ್ಲಿದ್ದರೂ ಸಣ್ಣಿ ಕಣ್ಣು ಮುಚ್ಚಿ ಒಪ್ಪುವ ಪೈಕಿಯಲ್ಲ. "ಮತ್ತೆ ಹೊಲದಲ್ಲಿ ನಾನು ನಿನ್ನ ಕೈಗೆ ಸಿಕ್ಕರೆ?"

"ಹೊಲದಲ್ಲಿ ಸಿಕ್ಕರೆ ನೀನು ಇಲಿ, ನಾನು ಬೆಕ್ಕು. ಈ ಮಾತು ಶೆಡ್ಡಿನ ಮಟ್ಟಿಗೆ ಮಾತ್ರ."

"ಅದು ಸರಿ," ಎಂದಿತು ಸಣ್ಣಿ. ಇಲ್ಲದ ಆಸೆ ತೋರಿಸದವರ ಮಾತನ್ನು ನಂಬಬಹುದು ಎಂದು ಅದಕ್ಕೆ ಅನ್ನಿಸಿತು.

ಮರಿಗಳನ್ನು ಸಾಗಿಸುವುದು ಹೇಗೆ ಎಂಬುದೇ ಮುಂದಿನ ಪ್ರಶ್ನೆ. ಸಣ್ಣಿ ಒಂದೊಂದನ್ನೇ ಎಳೆದುಕೊಂಡು ಹೊಲದ ಬದುವಿಗೆ ಹೋಗುವಷ್ಟರಲ್ಲಿ ಕಾಗೆಗಳು ಉಳಿದವನ್ನು ನೋಡಿಬಿಡುತ್ತವೆ. ಹೊನ್ನಿ ಹೆಚ್ಚು ಮಾತಾಡದೆ ಗೂಡನ್ನೇ ಹಾಗೆಯೇ ಬುಡದಿಂದ ಬಾಯಲ್ಲಿ ಕಚ್ಚಿ ಎತ್ತಿದಳು. ತನ್ನ ಮರಿಗಳನ್ನು ಹೊಂಡದಿಂದ ತಂದ ಬಾಯಿ ಅದು, ಎಷ್ಟು ಒತ್ತಬೇಕು ಎಷ್ಟು ಬಿಡಬೇಕು ಅದಕ್ಕೆ ಗೊತ್ತಿತ್ತು. ಬೆಳಗಿನ ಬಿಸಿಲಿನಲ್ಲಿ ಬೆಕ್ಕು ಮುಂದೆ, ಇಲಿ ಅದರ ಹಿಂಗಾಲಿಗೆ ತಾಗುವಷ್ಟು ಹತ್ತಿರ ಹಿಂದೆ, ಹೀಗೆ ಇಬ್ಬರೂ ಬದುವಿನವರೆಗೆ ನಡೆದರು. ಕೆಂಪಕ್ಕ ಕೆದಕುವುದನ್ನು ನಿಲ್ಲಿಸಿ ಒಂದು ಕಾಲು ಎತ್ತಿಕೊಂಡೇ ನಿಂತುಬಿಟ್ಟಳು. ಅವಳ ಬಾಯಿಂದ ಮಾತು ಹೊರಡದೆ ಇದ್ದದ್ದು ಅದೊಂದೇ ದಿನ.

ಬದುವಿನ ಕಲ್ಲುಗಳ ನಡುವೆ ಹಳೆಯ ಬಿಲವೊಂದಿತ್ತು. ಗೂಡನ್ನು ಅಲ್ಲಿ ಇಳಿಸಿ ಹೊನ್ನಿ ಹಿಂದೆ ಸರಿದಳು. ಸಣ್ಣಿ ಮರಿಗಳನ್ನೆಲ್ಲ ಮೂಸಿ, ಎಲ್ಲವೂ ಇವೆ ಎಂದು ಖಾತ್ರಿ ಮಾಡಿಕೊಂಡು ಒಳಗೆ ಎಳೆದುಕೊಂಡಿತು. ಆಮೇಲೆ ಹೊನ್ನಿ ಶೆಡ್ಡಿಗೆ ಹೋಗಿ ಬಂದಳು. ಸಣ್ಣಿ ನೆಲದ ಮೇಲಿಟ್ಟಿದ್ದ ಆ ಕಡಲೆಬೀಜ ತಂದು ಬಿಲದ ಬಾಯಲ್ಲಿ ಹಾಕಿ, ತಿರುಗಿ ನೋಡದೆ ಹೋದಳು.

ಕಷ್ಟದ ಕೆಲಸ ಇನ್ನು ಮುಂದಿತ್ತು. ಕಾಣಿಕೆ ಬೇಡ ಅನ್ನಬೇಕಿತ್ತು.

ಅವಳು ನೆರೆಯವರನ್ನೆಲ್ಲ ಕರೆದು, ರಾಶಿಯನ್ನು ಇವತ್ತೇ ವಾಪಸು ತೆಗೆದುಕೊಂಡು ಹೋಗಿ, ಇನ್ನು ಮುಂದೆ ಒಂದು ಕಾಳೂ ಶೆಡ್ಡಿನ ಹೊಸಿಲು ದಾಟಬಾರದು ಎಂದಳು. ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಮುದ್ದವ್ವನಿಗೆ ಅರ್ಥವಾಯಿತು. ಅರ್ಥವಾಗದಿದ್ದರೂ ಅವಳು ತನ್ನ ಹೊಟ್ಟನ್ನು ವಾಪಸು ತಿನ್ನಲು ತಯಾರಿದ್ದಳು, ತಿಂದಳು ಕೂಡ. ಕೆಂಪಕ್ಕ ಮುಖ ದಪ್ಪ ಮಾಡಿಕೊಂಡಳು. ಗೆರೆಯಪ್ಪನಿಗಂತೂ ಸಿಟ್ಟೇ ಬಂತು.

"ಆರಿಸಿ ಆರಿಸಿ ತಂದಿದ್ದೆ," ಎಂದ ಅವನು. "ನಾವು ಮರ್ಯಾದೆಯಿಂದ ಕೊಟ್ಟದ್ದು ನಿಮಗೆ ಇಲಿಯ ಊಟವಾಗಿ ಕಾಣಿಸಿತಲ್ಲ. ದೊಡ್ಡವರಾದಿರಿ, ಆಗಲಿ ಬಿಡಿ." ತನ್ನ ಕಡಲೆಕಾಯಿಯನ್ನೆಲ್ಲ ಒಂದೂ ಬಿಡದೆ ಹೊತ್ತುಕೊಂಡು ಹೋದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೊನ್ನಿಗೆ ನೋವಾಗದೆ ಇರಲಿಲ್ಲ. ಆದರೆ ಅಟ್ಟದ ಮೇಲೆ ಮರಿಗಳು ಒಂದರ ಬಾಲವನ್ನು ಇನ್ನೊಂದು ಹಿಡಿದು ಆಡುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಕೆಂಪಕ್ಕನ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು.

"ಕೆಂಪಕ್ಕಾ, ನಿಮ್ಮ ಪ್ರೀತಿ ಬೇಡ ಅನ್ನಲಿಲ್ಲ. ಕಾಳು ಬೇಡ ಅಂದೆ. ನಿಜವಾಗಿಯೂ ನನಗೆ ಉಪಕಾರ ಮಾಡಬೇಕು ಅಂತಿದ್ದರೆ ಒಳಗೆ ಬನ್ನಿ. ನೆಲದ ಬಿರುಕಿನಲ್ಲಿ ಬಿದ್ದಿರುವ ಸಜ್ಜೆ ನನ್ನ ಉಗುರಿಗೆ ಸಿಗುವುದಿಲ್ಲ. ನಿಮ್ಮ ಕೊಕ್ಕಿಗೆ ಸಿಗುತ್ತದೆ."

ಕೆಂಪಕ್ಕ ಒಂದಷ್ಟು ಹೊತ್ತು ಬಿಗುಮಾನದಿಂದ ಬೇರೆ ಕಡೆ ನೋಡಿದಳು. ಆಮೇಲೆ ತನ್ನ ಕೊಕ್ಕಿನ ಬಗ್ಗೆ ಇಷ್ಟು ಗೌರವದಿಂದ ಯಾರೂ ಮಾತಾಡಿರಲಿಲ್ಲ ಎಂಬುದು ನೆನಪಾಗಿ ಎದ್ದು ಬಂದಳು. ಸಂಜೆಯೊಳಗೆ ಶೆಡ್ಡಿನ ನೆಲದಲ್ಲಿ ಹುಡುಕಿದರೂ ಕಾಳು ಸಿಗದಂತಾಯಿತು. ಮುದ್ದವ್ವ ತಗಡಿನ ಗೋಡೆಯ ಸುತ್ತ ಬೆಳೆದಿದ್ದ ಕಳೆಯನ್ನೆಲ್ಲ ಮೇದು ಬೋಳು ಮಾಡಿದಳು. ಇಲಿಗೆ ಬಯಲಿನಲ್ಲಿ ನಡೆಯಲು ಹೆದರಿಕೆ, ಮರೆಯಿದ್ದರೆ ಮಾತ್ರ ಧೈರ್ಯ. ಹಿಂದಿನ ಗೋಡೆಯ ಬುಡದಲ್ಲಿ ಬೆರಳು ಹೋಗುವಷ್ಟು ಸಂದಿಗಳಿದ್ದವು. ಹೊನ್ನಿ ಭೈರನನ್ನು ಕರೆದು ತೋರಿಸಿದಳು. ಅವನು ಯಾಕೆ ಏನು ಎಂದು ಕೇಳದೆ ಹಿಂಗಾಲಿನಿಂದ ಮಣ್ಣು ಕೆದರಿ ಕೆದರಿ ಮುಚ್ಚಿದ, ಅವಳು ಅದನ್ನು ಪಾದದಿಂದ ತಟ್ಟಿ ಗಟ್ಟಿ ಮಾಡಿದಳು.

ಅದಾದ ಮೇಲೆ ಶೆಡ್ಡಿನಲ್ಲಿ ಏನೂ ನಡೆಯಲಿಲ್ಲ. ಇಲಿ ಬರಲಿಲ್ಲ, ಹಿಡಿಯುವ ಸುದ್ದಿಯಿರಲಿಲ್ಲ, ಹೊಗಳುವವರೂ ಇರಲಿಲ್ಲ. ಗುಬ್ಬಚ್ಚಿಗಳು, ಹೊನ್ನಕ್ಕ ಈಗ ಮೊದಲಿನ ಹಾಗಿಲ್ಲ, ಸೋಮಾರಿಯಾಗಿದ್ದಾಳೆ ಎಂದು ಮಾತಾಡಿಕೊಂಡವು. ಹೊನ್ನಿ ಬಯಲಿಗೆ ಹೋಗಿ ಮಿಡತೆಯನ್ನೋ ಹೊಂಡದ ಏಡಿಯನ್ನೋ ತಿಂದು ಬರುತ್ತಿದ್ದಳು. ಉಳಿದ ಹೊತ್ತು ಮರಿಗಳ ಜೊತೆ ಮಲಗಿರುತ್ತಿದ್ದಳು. ಹಾಲು ಮತ್ತೆ ಬಂತು. ಮರಿಗಳು ಅಟ್ಟದ ಏಣಿಯಲ್ಲಿ ಹತ್ತಿ ಇಳಿಯುವುದನ್ನು ಕಲಿತವು.

ಮೋಡ ಒಡೆದು ಮೊದಲ ಮಳೆ ಸುರಿಯಿತು. ನೆಲ ನೆನೆದು ಹದಕ್ಕೆ ಬಂತು.

ಮರುದಿನ ಬೆಳ್ಳಂಬೆಳಗ್ಗೆ ಸಾವಂತ್ರಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶೆಡ್ಡಿಗೆ ಬಂದಳು. ಬಾಗಿಲು ತೆರೆದಾಗ ಹೊನ್ನಿ ಏಣಿಯ ಬುಡದಲ್ಲಿ ನಿಂತಿದ್ದಳು. ಅವಳ ಬಾಯಲ್ಲಿ ಒಂದು ಮರಿಯಿತ್ತು, ಉಳಿದವು ಪಕ್ಕದಲ್ಲಿ ಗುಂಪಾಗಿದ್ದವು. ಮಾತು ಮುರಿದಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಇನ್ನೊಬ್ಬರ ಬಾಯಿಂದ 'ಇಳಿ' ಅನ್ನಿಸಿಕೊಳ್ಳುವ ಮೊದಲೇ ಇಳಿದಿರಬೇಕು ಎಂದು ಅವಳು ತೀರ್ಮಾನಿಸಿದ್ದಳು.

ಸಾವಂತ್ರಮ್ಮ ಬೆಕ್ಕನ್ನು ನೋಡಲೂ ಇಲ್ಲ. ನೆಟ್ಟಗೆ ಹೋಗಿ ಬಾನೆಟ್ಟು ಎತ್ತಿದಳು. ಒಳಗೆ ಗೂಡಿಲ್ಲ, ಹೊಟ್ಟಿಲ್ಲ, ಇಲಿಯ ಹಿಕ್ಕೆಯ ವಾಸನೆಯಿಲ್ಲ. ದಪ್ಪ ತಂತಿಯನ್ನು ಬೆರಳಿನಿಂದ ಸವರುತ್ತ ಕೊನೆಯವರೆಗೆ ನೋಡಿದಳು. ಹತ್ತಿ ಕೂತು ಕೀಲಿ ತಿರುಗಿಸಿದಳು.

ಟ್ರ್ಯಾಕ್ಟರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಹೊನ್ನಿಯ ಬಾಯಲ್ಲಿದ್ದ ಮರಿ ಹೆದರಿ ಮುದುಡಿಕೊಂಡಿತು. ಮೂರನೆಯ ಸಲಕ್ಕೆ ಗಾಡಿ ಗುಡುಗಿದಂತೆ ಸದ್ದು ಮಾಡಿ ಎದ್ದಿತು. ತಗಡಿನ ಸೂರು ಗಡಗಡ ನಡುಗಿತು. ಕೆಂಪಕ್ಕ ಕೂಗುತ್ತ ಹಾರಿ ಮುದ್ದವ್ವನ ಬೆನ್ನ ಮೇಲೆ ಕೂತಳು.

ಸಾವಂತ್ರಮ್ಮ ಕೆಳಗಿಳಿದು ಮುಂದಿನ ದೀಪದ ಹತ್ತಿರ ಬಂದಳು. ಸಿಪ್ಪೆ ಹೋದ ತಂತಿ ಅವಳ ಕಣ್ಣಿಗೆ ಬಿತ್ತು. "ಹಗಲು ಹೊತ್ತು ಉಳೋಕೆ ದೀಪ ಯಾತಕ್ಕೆ," ಎಂದು ಗೊಣಗಿಕೊಂಡ ಸಾವಂತ್ರಮ್ಮ ಜೇಬಿನಲ್ಲಿದ್ದ ಕರಿ ಟೇಪನ್ನು ತಂತಿಗೆ ಸುತ್ತಿ, ಗಾಡಿ ಹತ್ತಿ ಹೊಲದ ಕಡೆ ತಿರುಗಿಸಿದಳು. ಅವಳು ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ಹಾಕುತ್ತಿದ್ದದ್ದು ಆ ಜೇಬಿಗಾಗಿಯೇ.

ಸದ್ದು ದೂರವಾದ ಮೇಲೆ ಭೈರ ಹೊನ್ನಿಯ ಎದುರು ಬಂದು ಕೂತ.

"ಮರಿಯನ್ನು ಕೆಳಗಿಡು. ಮಾತಾಡಬೇಕು."

ಹೊನ್ನಿ ಇಟ್ಟಳು.

"ಕರಾರು ಮುರಿದಿದೆ. ಅದರಲ್ಲಿ ಎರಡು ಮಾತಿಲ್ಲ. ಆದ್ದರಿಂದ ಅಟ್ಟ ಖಾಯಂ ಅಂತ ಹೇಳಲಾರೆ. ಗಾಡಿ ಎದ್ದಿದೆ. ಅದರಲ್ಲೂ ಎರಡು ಮಾತಿಲ್ಲ. ಈ ಮಳೆಗಾಲ ಮುಗಿಯುವವರೆಗೆ ಇರು. ಆಮೇಲೆ ಹೊಸದಾಗಿ ಕೂತು ಮಾತಾಡೋಣ."

ಹೊನ್ನಿ ಮರಿಗಳ ಕಡೆ ನೋಡಿದಳು. "ಮಳೆಗಾಲ ಸಾಕು. ಅಷ್ಟರೊಳಗೆ ಇವು ನರಿಗೆ ಸಿಗದ ಹಾಗೆ ಓಡುತ್ತವೆ. ಆದರೆ ನನ್ನ ಕಡೆಯಿಂದಲೂ ಒಂದು ಷರತ್ತಿದೆ."

ಭೈರ ಕಿವಿ ನೆಟ್ಟಗೆ ಮಾಡಿದ. ಸೂರು ಬೇಡುವವಳು ಷರತ್ತು ಹಾಕುವುದು ಅವನಿಗೆ ಹೊಸದು.

"ಬಿತ್ತಿ ಉಳಿದ ಬೀಜದ ಚೀಲವನ್ನು ಸಾವಂತ್ರಮ್ಮ ಈ ಶೆಡ್ಡಿನಲ್ಲೇ ತಂದು ಇಡುತ್ತಾಳಂತೆ, ಕೆಂಪಕ್ಕ ಹೇಳಿದಳು. ಅದು ಇಲ್ಲಿಗೆ ಬರಬಾರದು. ಬಂದರೆ ನಾನು ಇರುವುದಿಲ್ಲ. ಇದ್ದರೂ ಪ್ರಯೋಜನವಿಲ್ಲ."

ಅವತ್ತು ಸಂಜೆ ಸಾವಂತ್ರಮ್ಮ ಉಳಿದ ಕಡಲೆಬೀಜದ ಚೀಲವನ್ನು ಹೆಗಲ ಮೇಲೆ ಹೊತ್ತು ಶೆಡ್ಡಿಗೆ ಬಂದಾಗ ನಾಯಿ ಬಾಗಿಲಿಗೆ ಅಡ್ಡ ಮಲಗಿತ್ತು. ಗದರಿದರೂ ಏಳಲಿಲ್ಲ, ಕಾಲಿನಲ್ಲಿ ತಳ್ಳಿದರೂ ಏಳಲಿಲ್ಲ. ಇದಕ್ಕೇನು ಬಂತೋ ಎಂದು ಬೈದುಕೊಂಡು ಅವಳು ಚೀಲವನ್ನು ಮನೆಯೊಳಗೆ ಒಯ್ದು ಮುಚ್ಚಳವಿರುವ ಡ್ರಮ್ಮಿಗೆ ಸುರಿದಳು.

ಆ ಹೊತ್ತಿಗೆ ಮತ್ತೆ ಮಳೆ ಶುರುವಾಯಿತು. ತಗಡಿನ ಮೇಲೆ ಹನಿಗಳು ಬಡಿಯುವ ಸದ್ದಿಗೆ ಮರಿಗಳು ಅಮ್ಮನ ಹೊಟ್ಟೆಯಡಿ ನುಸುಳಿಕೊಂಡವು. ಹೊನ್ನಿ ಒಂದೊಂದರ ತಲೆಯನ್ನೂ ನೆಕ್ಕಿ ಮಲಗಿಸಿದಳು.

ಲೆಕ್ಕ ಇಷ್ಟು. ಹೋದದ್ದು: ಊರ ಬಾಯಿಯ ಹೊಗಳಿಕೆ, ತಿನ್ನಲು ಬಾರದ ಒಂದು ರಾಶಿ ಕಾಳು, ಅಳಿಲಿನ ಸ್ನೇಹ, ಒಂದಿಷ್ಟು ತಂತಿಯ ಸಿಪ್ಪೆ. ಬಂದದ್ದು: ಸಾವಂತ್ರಮ್ಮನಿಗೆ ಪೂರ್ತಿ ಬಿತ್ತಿದ ಹೊಲ, ಬದುವಿನ ಬಿಲದಲ್ಲಿ ಒಬ್ಬ ತಾಯಿಗೆ ಅವಳ ಮಕ್ಕಳು, ಹೊನ್ನಿಗೆ ಒಂದು ಮಳೆಗಾಲದ ಸೂರು, ಆ ಸೂರಿನ ಕೆಳಗೆ ಒದ್ದೆಯಾಗದೆ ಮಲಗಿದ ಮರಿಗಳು.

ನೀತಿ: ನಮಗೆ ಬೇಡದ್ದನ್ನು ಹೊಗಳಿಕೆಯ ಆಸೆಗೆ ಕೂಡಿಟ್ಟರೆ ಅದು ಕಳ್ಳನಿಗೆ ಬಡಿಸಿದ ಊಟವಾಗುತ್ತದೆ; ಬಂದ ಕಳ್ಳನನ್ನು ಹಿಡಿಯುವವನಿಗಿಂತ, ಕಳ್ಳ ಬರುವ ಕಾರಣವನ್ನೇ ಇಲ್ಲವಾಗಿಸುವವನು ಒಳ್ಳೆಯ ಕಾವಲುಗಾರ.